ಒಂದೇ ಪಯಣ, ಎರಡು ಸೂರ್ಯೋದಯ

2018ರ ಮಾರ್ಚ್ 24ರಂದು ಆಸ್ಟ್ರೇಲಿಯದ ಪರ್ತ್ ನಗರದಿಂದ ಹೊರಟ ಕ್ವಾಂಟಾಸ್ ವಿಮಾನ, ನಡುವೆ ಎಲ್ಲಿಯೂ ಇಳಿಯದೆ ಸುಮಾರು 14,500 ಕಿ.ಮೀ. ಹಾರಿ ಲಂಡನ್ ಸೇರಿತು. ಹಿಡಿದ ಕಾಲ ಸುಮಾರು 17 ಗಂಟೆ. ಇನ್ನೂರಕ್ಕೂ ಹೆಚ್ಚು ಮಂದಿ ಉಂಡು, ನಿದ್ದೆ ತೆಗೆದು, ಬೆಳಗಿನ ಜಾವ ಇಳಿದರು. ಆದರೆ ಇದೇ ಊರಿನಿಂದ ಇದೇ ಕಂಪೆನಿ 75 ವರ್ಷ ಹಿಂದೆ ನಡೆಸಿದ ಹಾರಾಟದ ಮುಂದೆ ಇದೊಂದು ಆರಾಮದ ಸವಾರಿಯೇ ಸರಿ.

1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನೀಯರ ವಶವಾಯಿತು. ಆಸ್ಟ್ರೇಲಿಯ ಮತ್ತು ಇಂಗ್ಲೆಂಡ್ ನಡುವಿನ ವಿಮಾನ ಮಾರ್ಗ ಅಲ್ಲಿಗೆ ಕಡಿದುಹೋಯಿತು. ಯುದ್ಧದ ಕಾಗದಪತ್ರಗಳಾಗಲಿ, ಯೋಧರ ಮನೆಯ ಪತ್ರಗಳಾಗಲಿ ಬೇಗ ತಲುಪುವ ದಾರಿಯೇ ಇಲ್ಲವಾಯಿತು. ಆಗ ಹೊಳೆದದ್ದು ಹಿಂದೂ ಮಹಾಸಾಗರವನ್ನು ಒಂದೇ ಜಿಗಿತದಲ್ಲಿ ದಾಟುವ ಯೋಚನೆ: ಪರ್ತ್‌ನಿಂದ ಸಿಂಹಳದ ಗಾಲ್ ಪಟ್ಟಣದ ಬಳಿಯ ಕೊಗ್ಗಲ ಸರೋವರಕ್ಕೆ. ದೂರ ಸುಮಾರು 5,650 ಕಿ.ಮೀ. ಇದಕ್ಕೆ ಆರಿಸಿದ್ದು ನೀರಿನಿಂದಲೇ ಏರಿ ನೀರಿಗೇ ಇಳಿಯುವ, ಎರಡು ಎಂಜಿನ್‌ಗಳ ‘ಕ್ಯಾಟಲೈನಾ’. ಅದರ ವೇಗ ಗಂಟೆಗೆ 200 ಕಿ.ಮೀ. ಆಸುಪಾಸು. ಭಾಗಿಸಿ ನೋಡಿ, ಗಂಟೆ ಎಷ್ಟಾಯಿತು?

ಅಷ್ಟು ಹೊತ್ತು ಹಾರಲು ಸುಮಾರು 9,000 ಲೀಟರ್ ಇಂಧನ ತುಂಬಬೇಕಿತ್ತು. ಉಳಿದ ಜಾಗದಲ್ಲಿ ಹಿಡಿಸಿದ್ದು ಹೆಚ್ಚೆಂದರೆ ಮೂವರು ಪ್ರಯಾಣಿಕರು, 69 ಕಿಲೋ ಅಂಚೆ. ಬಂದೂಕಿಲ್ಲ, ಬೆಂಗಾವಲಿಲ್ಲ. ಶತ್ರು ವಿಮಾನಗಳು ಸುಳಿದಾಡುವ ಪ್ರದೇಶವನ್ನು ಕತ್ತಲಲ್ಲೇ ದಾಟಬೇಕು. ರೇಡಿಯೋದಲ್ಲಿ ಮಾತಾಡಿದರೆ ಇರುವ ಜಾಗ ಬಯಲಾಗುತ್ತದೆ, ಆದ್ದರಿಂದ ಮೌನ.

ಹಾಗಾದರೆ ದಾರಿ ತೋರಿದವರು ಯಾರು? ನಕ್ಷತ್ರಗಳು! ಸೆಕ್ಸ್‌ಟೆಂಟ್ ಎಂಬ ಉಪಕರಣದಿಂದ ದಿಗಂತಕ್ಕಿಂತ ನಕ್ಷತ್ರ ಎಷ್ಟು ಡಿಗ್ರಿ ಎತ್ತರದಲ್ಲಿದೆ ಎಂದು ಅಳೆದು, ಆ ಕ್ಷಣದ ವೇಳೆಯನ್ನು ಗುರುತು ಹಾಕಿಕೊಂಡು, ಕೋಷ್ಟಕ ನೋಡಿ ಲೆಕ್ಕ ಹಾಕಿದರೆ ವಿಮಾನ ಭೂಪಟದ ಮೇಲಿನ ಒಂದು ಗೆರೆಯ ಮೇಲಿದೆ ಎಂದು ತಿಳಿಯುತ್ತದೆ. ಇನ್ನೊಂದು ನಕ್ಷತ್ರದಿಂದ ಇನ್ನೊಂದು ಗೆರೆ. ಎರಡೂ ಕೂಡಿದ ಕಡೆ ವಿಮಾನ. ಮೋಡ ಮುಸುಕಿದರೆ ಗಾಳಿ ಎತ್ತ ತಳ್ಳಿತೆಂಬ ಅಂದಾಜೇ ಗತಿ. ಹೊರಡುವಾಗ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿ, ಅದನ್ನು ತಿದ್ದದೆ ಹೋದರೆ ಕೊನೆಗೆ ಸುಮಾರು 100 ಕಿ.ಮೀ. ಆಚೆ ಇರುತ್ತಿದ್ದರು. ತ್ರಿಕೋನಮಿತಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಗೊಣಗುವ ಹುಡುಗರಿಗೆ ಈ ಲೆಕ್ಕ ತೋರಿಸಬಹುದು.

ಐದು ವಿಮಾನಗಳಿಗೆ ನಕ್ಷತ್ರಗಳ ಹೆಸರನ್ನೇ ಇಟ್ಟಿದ್ದರು: ಆಲ್ಟೇರ್, ವೇಗಾ, ರೈಜೆಲ್, ಆಂಟಾರೆಸ್, ಸ್ಪೈಕಾ. ಇವುಗಳಲ್ಲಿ ನಾಲ್ಕು ನಮ್ಮ ಅಜ್ಜಂದಿರಿಗೂ ಪರಿಚಿತರೇ. ಆಲ್ಟೇರ್ ಎಂದರೆ ಶ್ರವಣ, ವೇಗಾ ಅಭಿಜಿತ್, ಆಂಟಾರೆಸ್ ಜ್ಯೇಷ್ಠಾ, ಸ್ಪೈಕಾ ನಮ್ಮ ಚಿತ್ತಾ.

ಗಾಳಿಯ ಕೃಪೆಯಂತೆ ಪಯಣ 27ರಿಂದ 33 ಗಂಟೆ ಹಿಡಿಯುತ್ತಿತ್ತು. ದಾರಿಯಲ್ಲೇ ಸೂರ್ಯ ಎರಡು ಸಲ ಹುಟ್ಟುತ್ತಿದ್ದ. ಹಾಗೆ ಹಾರಿದವರಿಗೆ ‘ಎರಡು ಸೂರ್ಯೋದಯಗಳ ರಹಸ್ಯ ಕೂಟ’ದ ಸದಸ್ಯರೆಂದು ಪ್ರಮಾಣಪತ್ರ ಕೊಡುತ್ತಿದ್ದರು. ಭಯದ ನಡುವೆಯೂ ತಮಾಷೆ ಬಿಡದ ಜನ! 1945ರ ಜುಲೈವರೆಗೆ 271 ಸಲ ಸಾಗರ ದಾಟಿದರು. ಒಂದೇ ಒಂದು ಜೀವವೂ ಹೋಗಲಿಲ್ಲ.

1947ರ ಡಿಸೆಂಬರ್‌ನಲ್ಲಿ ಸಿಡ್ನಿಯಿಂದ ಲಂಡನ್ನಿಗೆ ಕಾನ್‌ಸ್ಟೆಲೇಷನ್ ವಿಮಾನ ಹೊರಟಿತು. ಕಲ್ಕತ್ತ, ಕರಾಚಿ, ಕೈರೋ ಎಂದು ಅಲ್ಲಲ್ಲಿ ಇಳಿಯುತ್ತ ನಾಲ್ಕು ದಿನದ ಪ್ರಯಾಣ. ಕ್ಯಾಟಲೈನಾಗಳು ಅದನ್ನು ನೋಡಲು ಉಳಿದಿರಲಿಲ್ಲ. ಯುದ್ಧಕಾಲದ ಕರಾರಿನ ಪ್ರಕಾರ ಅವನ್ನು ಕಡಲಿಗೆ ಒಯ್ದು ಮುಳುಗಿಸಲಾಗಿತ್ತು.