ಬುಶ್ ಬದಲಾಯಿಸಿದ ಕಥೆ (ರಾಜಕೀಯ ಅಲ್ಲ!)

ಅಮೆರಿಕದಲ್ಲಿ ಕೂತು 'ಬುಶ್' ಅಂತ ಶೀರ್ಷಿಕೆ ಕೊಟ್ಟಿದ್ದಾನಲ್ಲ, ಶ್ವೇತಭವನದಲ್ಲಿದ್ದ ಅಪ್ಪ-ಮಗನ ಬಗ್ಗೆ ಏನೋ ಬರೆದಿರಬೇಕು ಅಂದುಕೊಂಡು ಬಂದವರು ಕ್ಷಮಿಸಬೇಕು. ಇದು ಕಾರಿನ ಬುಶ್. ಇಲ್ಲಿಯವರು ಬುಶಿಂಗ್ ಅಂತಾರೆ, ನಮ್ಮ ಸುಳ್ಯ-ಪುತ್ತೂರು ಕಡೆಯ ಗ್ಯಾರೇಜುಗಳಲ್ಲಿ ಬರೀ ಬುಶ್. ಹಳೇ ಜೀಪೋ ಓಮ್ನಿಯೋ ಇಟ್ಟುಕೊಂಡವರೆಲ್ಲ "ಬುಶ್ ಹೋಗಿದೆ ಸಾರ್" ಅನ್ನೋ ಮಾತನ್ನು ಒಂದಲ್ಲ ಒಂದು ಸಲ ಕೇಳಿರ್ತಾರೆ. ಆದರೆ ಅದು ಎಲ್ಲಿರ್ತದೆ, ಎಂತ ಮಾಡ್ತದೆ ಅಂದರೆ ಹೇಳುವವರು ಕಡಿಮೆ.

ನೋಡೋಕೆ ಅದು ತೀರಾ ಸಾಧಾರಣ ವಸ್ತು. ಒಂದರೊಳಗೊಂದು ಇರುವ ಎರಡು ಕಬ್ಬಿಣದ ಕೊಳವೆಗಳು, ನಡುವೆ ಎರಡಕ್ಕೂ ಬಲವಾಗಿ ಅಂಟಿಸಿದ ರಬ್ಬರ್, ಅಷ್ಟೇ. ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಕಂಟ್ರೋಲ್ ಆರ್ಮ್, ಕಾರಿನ ಚೌಕಟ್ಟಿಗೆ ಸೇರುವ ಜಾಗದಲ್ಲಿ ಇದು ಕೂತಿರ್ತದೆ. ಹೊರಗಿನ ಕೊಳವೆ ತೋಳಿಗೆ ಬಿಗಿ, ಒಳಗಿನದು ಬೋಲ್ಟಿನಿಂದ ಚೌಕಟ್ಟಿಗೆ ಬಿಗಿ. ಚಕ್ರ ಮೇಲೆ ಕೆಳಗೆ ಆಡಿದಾಗ ಇಲ್ಲಿ ಯಾವುದೂ ತಿರುಗೋದಿಲ್ಲ. ನಡುವಿನ ರಬ್ಬರ್ ಮಾತ್ರ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಮತ್ತೆ ಹಳೇ ಸ್ಥಿತಿಗೆ ಬರ್ತದೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ನನ್ನ ಕಾರು 1999ರ ಮಾಜ್ಡಾ ಮಿಯಾಟ. ಎರಡೇ ಸೀಟು, ಮಡಚುವ ಮಾಡು, 1.8 ಲೀಟರ್ ಇಂಜಿನ್ನು, ಸುಮಾರು 140 ಅಶ್ವಶಕ್ತಿ, ತೂಕ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚು. ಕಾರು ನನಗಿಂತ ಎರಡು ವರ್ಷ ಚಿಕ್ಕದು, ತಮ್ಮ ಇದ್ದ ಹಾಗೆ! ಈ ಮಾಡೆಲ್ಲು ಮೊದಲು ಹೊರಬಂದಿದ್ದು 1989ರಲ್ಲಿ, ಶಿಕಾಗೊ ಆಟೋ ಶೋನಲ್ಲಿ. ಲೋಟಸ್ ಎಲಾನ್‌ನಂಥ ಹಳೇ ಬ್ರಿಟಿಷ್ ಕಾರುಗಳ ಮಜಾವನ್ನು ಅವುಗಳ ರಿಪೇರಿ ಕಾಟವಿಲ್ಲದೆ ಕೊಡೋದು ಮಾಜ್ಡಾದವರ ಆಸೆ. 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಿತ್ತು. ಇದರ ಗುಟ್ಟು ಇಂಜಿನ್ನಿನಲ್ಲಿಲ್ಲ, ಸಸ್ಪೆನ್ಶನ್ನಿನಲ್ಲಿದೆ. ನಾಲ್ಕೂ ಚಕ್ರಕ್ಕೆ ಮೇಲೊಂದು ಕೆಳಗೊಂದು ತೋಳು, ಅದಕ್ಕೆ ಡಬಲ್ ವಿಶ್‌ಬೋನ್ ಅಂತ ಹೆಸರು. ಮುಂದಿನ ಒಂದೊಂದು ಚಕ್ರಕ್ಕೆ ನಾಲ್ಕು ಬುಶ್. ಸ್ಟೀರಿಂಗ್ ಹಿಡಿದವನಿಗೆ ರಸ್ತೆ ಕೈಗೆ ಸಿಕ್ಕಿದ ಹಾಗೆ ಅನ್ನಿಸೋದು ಈ ರಬ್ಬರ್ ಗಟ್ಟಿ ಇದ್ದರೆ ಮಾತ್ರ.

ನನ್ನದರಲ್ಲಿ ಅದು ಗಟ್ಟಿ ಇರಲಿಲ್ಲ. ಐ-96ರಲ್ಲಿ ಅರವತ್ತು ಮೈಲಿ ವೇಗದಲ್ಲಿ ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ ಎಳೀತಿತ್ತು, ಬಿಟ್ಟರೆ ಬಲಕ್ಕೆ. ಪಕ್ಕದಲ್ಲಿ ಹದಿನೆಂಟು ಚಕ್ರದ ಲಾರಿ ಇದ್ದಾಗ ಇದು ತಮಾಷೆಯ ವಿಷಯ ಅಲ್ಲ. ರಿವರ್ಸ್ ತೆಗೆದು ಬ್ರೇಕ್ ಹಾಕಿದರೆ 'ಟಕ್' ಅಂತ ಒಂದು ಶಬ್ದ. ಮುಂದಿನ ಟೈರುಗಳ ಒಳಅಂಚು ನುಣ್ಣಗೆ ಸವೆದಿತ್ತು. ಒಂದು ಗ್ಯಾರೇಜಿನಲ್ಲಿ ಎರಡು ಸಲ ವೀಲ್ ಅಲೈನ್‌ಮೆಂಟ್ ಮಾಡಿದರು. ಎರಡು ಸಲವೂ ತಿಂಗಳೊಳಗೆ ಮೊದಲಿನ ಹಾಗೆಯೇ. ಮೂರನೇ ಸಲ ಹೋದಾಗ ನಾಲ್ಕು ಶಾಕ್ ಅಬ್ಸಾರ್ಬರ್, ಎರಡು ಟೈರು, ಮತ್ತೊಂದು ಅಲೈನ್‌ಮೆಂಟು ಅಂತ 1,900 ಡಾಲರಿನ ಪಟ್ಟಿ ಕೊಟ್ಟರು. ಕಾರು ಕೊಂಡಿದ್ದೇ 4,800ಕ್ಕೆ! ಆಫೀಸಿನಲ್ಲಿ ಎಲ್ಲರದ್ದೂ ಒಂದೇ ಮಾತು: ಮಾರಿ ಕೈತೊಳೆದುಕೋ. ಮಾರಬಹುದು, ಮಿಶಿಗನ್ನಿನಲ್ಲಿ ವರ್ಷಕ್ಕೊಮ್ಮೆ ಕಾರು ತಪಾಸಣೆ ಮಾಡಿಸಬೇಕು ಅನ್ನೋ ಕಾನೂನೂ ಇಲ್ಲ. ಆದರೆ ಬ್ರೇಕ್ ಹಾಕಿದರೆ ಲೇನ್ ಬಿಡುವ ಕಾರನ್ನು ಇನ್ನೊಬ್ಬನ ಕೈಗೆ ದಾಟಿಸಿದರೆ ಅಪಾಯ ಕಡಿಮೆ ಆಗೋದಿಲ್ಲವಲ್ಲ, ವಿಳಾಸ ಬದಲಾಗ್ತದೆ ಅಷ್ಟೇ.

ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಆಟ ಎಲ್ಲಿದೆ ಅಂತ ಹುಡುಕೋದು ಅಂತ ತೀರ್ಮಾನಿಸಿದೆ. ಸುಲಭದ್ದು ಮೊದಲು. ಟೈರಿನ ಗಾಳಿ ಸರಿ ಇತ್ತು. ಎಡಬಲದ ಟೈರು ಅದಲು ಬದಲು ಮಾಡಿದೆ, ಎಳೆತ ಅದೇ ದಿಕ್ಕಿಗೆ. ಅಂದರೆ ಟೈರು ನಿರಪರಾಧಿ. ಹತ್ತು ಮೈಲಿ ಓಡಿಸಿ ಬಂದು ಚಕ್ರಗಳ ಹತ್ತಿರ ಕೈ ಹಿಡಿದರೆ ಎರಡೂ ಒಂದೇ ಬಿಸಿ. ಬ್ರೇಕ್ ಕ್ಯಾಲಿಪರ್ ಅಂಟಿಕೊಂಡಿಲ್ಲ. ಕಾರನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ, ಚಕ್ರವನ್ನು ಗಡಿಯಾರದ ಹನ್ನೆರಡು-ಆರರ ಜಾಗದಲ್ಲಿ ಹಿಡಿದು ಅಲ್ಲಾಡಿಸಿದೆ: ಬಾಲ್ ಜಾಯಿಂಟು, ಬೇರಿಂಗು ಗಟ್ಟಿ. ಮೂರು-ಒಂಬತ್ತರಲ್ಲಿ ಹಿಡಿದು ಅಲ್ಲಾಡಿಸಿದೆ: ಟೈ ರಾಡೂ ಗಟ್ಟಿ. ಉಳಿದದ್ದು ಬುಶ್.

ಬುಶ್‌ನ ಕಷ್ಟ ಏನಂದರೆ ಕಾರು ನಿಂತಿದ್ದಾಗ ಅದು ಸಾಧುಪ್ರಾಣಿ. ಭಾರ ಬಿದ್ದಾಗ ಮಾತ್ರ ಬಣ್ಣ ಬಯಲಾಗೋದು. ಅದಕ್ಕೆ ಕೆಳಗಿನ ತೋಳಿನ ತುದಿಗೆ ಒಂದು, ಚೌಕಟ್ಟಿಗೆ ಒಂದು ಅಂತ ಎದುರು ಬದುರು ಬಿಳಿ ಪೇಂಟಿನ ಗೆರೆ ಎಳೆದು, ಫೋನನ್ನು ವಿಡಿಯೋಗಿಟ್ಟು ಚಕ್ರದ ಪಕ್ಕ ನೆಲದ ಮೇಲೆ ಇಟ್ಟೆ. ಹುಬ್ಬಳ್ಳಿಯವನಾದ ರೂಮ್‌ಮೇಟ್ ಡ್ರೈವ್‌ವೇನಲ್ಲಿ ಕಾರನ್ನು ಒಂದಡಿ ಮುಂದೆ, ಬ್ರೇಕ್, ಒಂದಡಿ ಹಿಂದೆ, ಬ್ರೇಕ್ ಅಂತ ಓಡಿಸಿದ. ಕಾರಿನ ಕೆಳಗೆ ಯಾರೂ ಇಲ್ಲ, ಫೋನ್ ಮಾತ್ರ. ಆಮೇಲೆ ಇಬ್ಬರೂ ಕೂತು ವಿಡಿಯೋ ನೋಡಿದೆವು.

"ಏನಲೇ ಇದು, ಕುಣ್ಯಾಕತ್ತೈತಿ!" ಅಂದ.

ನಿಜಕ್ಕೂ ಕುಣೀತಿತ್ತು. ಬಲಗಡೆ ಗೆರೆಗಳು ಕೂದಲೆಳೆಯಷ್ಟು ಸರಿದರೆ ಎಡಗಡೆ ಅರ್ಧ ಸೆಂಟಿಮೀಟರ್! ಬ್ರೇಕ್ ಒತ್ತಿದಾಗ ರಸ್ತೆ ಟೈರನ್ನು ಹಿಂದಕ್ಕೆ ಎಳೀತದೆ, ಆ ಬಲವನ್ನು ಹೆಚ್ಚಾಗಿ ತಡೆಯೋದು ಕೆಳಗಿನ ತೋಳು. ಅದರ ಬುಶ್ ಹರಿದಿದ್ದರೆ ಚಕ್ರವೇ ಹಿಂದೆ ಸರೀತದೆ. ಟೈ ರಾಡ್ ಮಾತ್ರ ತನ್ನ ಉದ್ದ ಬಿಡೋದಿಲ್ಲ, ಹಾಗಾಗಿ ಚಕ್ರದ ದಿಕ್ಕು ಬದಲಾಗ್ತದೆ. ಎರಡೂ ಬದಿ ಸಮನಾಗಿ ಸರಿದರೆ ಗೊತ್ತಾಗೋದು ಕಡಿಮೆ. ಒಂದು ಬದಿ ಹೆಚ್ಚು ಸರಿದರೆ ಮೂತಿ ಎಳೆಯೋದು.

ಹಾಗಾದರೆ ಅಲೈನ್‌ಮೆಂಟ್ ಯಾಕೆ ನಿಲ್ಲಲಿಲ್ಲ? ಅದರ ಉತ್ತರ ಬೋಲ್ಟು ಬಿಚ್ಚುವಾಗ ಸಿಕ್ಕಿತು. ಮಿಯಾಟದ ಕೆಳತೋಳಿನ ಬೋಲ್ಟುಗಳು ಮಾಮೂಲಿ ಬೋಲ್ಟುಗಳಲ್ಲ, ಓರೆ ಬಿಲ್ಲೆ ಇರುವ ಕ್ಯಾಮ್ ಬೋಲ್ಟುಗಳು. ತಿರುಗಿಸಿದರೆ ತೋಳು ಸ್ವಲ್ಪ ಒಳಗೆ ಅಥವಾ ಹೊರಗೆ ಸರಿದು ಚಕ್ರದ ಕೋನ ಬದಲಾಗ್ತದೆ. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗಿಂತ ಆಳದಲ್ಲಿ ಒಂದು ಉಪ್ಪಿನ ಗಣಿಯೇ ಉಂಟು, ಚಳಿಗಾಲ ಬಂತೆಂದರೆ ರಸ್ತೆಗೆಲ್ಲ ಉಪ್ಪು. ಇಪ್ಪತ್ತೈದು ವರ್ಷದ ಉಪ್ಪು ನೀರಿನಲ್ಲಿ ಎಡಗಡೆಯ ಎರಡೂ ಬೋಲ್ಟುಗಳು ಬುಶ್‌ನ ಒಳಕೊಳವೆಗೆ ತುಕ್ಕು ಹಿಡಿದು ಒಂದಾಗಿದ್ದವು. ಬೋಲ್ಟ್ ತಿರುಗಿಸಿದರೆ ಜೊತೆಗೆ ಕೊಳವೆಯೂ ತಿರುಗಿ ರಬ್ಬರ್ ಹಿಂಡಿಕೊಳ್ತಿತ್ತು. ಯಂತ್ರದಲ್ಲಿ ಅಂಕಿ ಸರಿ ಬಂದಿರಬಹುದು, ಆದರೆ ಹರಿದ ರಬ್ಬರು ಅದನ್ನು ಎಷ್ಟು ದಿನ ಹಿಡಿದುಕೊಂಡೀತು?

ಹೊಸ ಬುಶ್ ಆರಿಸುವಾಗ ಒಂದು ಸಣ್ಣ ಧರ್ಮಸಂಕಟ. ಸ್ಪೋರ್ಟ್ಸ್ ಕಾರಿನವರು ಹೆಚ್ಚಾಗಿ ಪಾಲಿಯುರೇಥೇನ್ ಹಾಕ್ತಾರೆ. ಅದು ರಬ್ಬರಿಗಿಂತ ಗಟ್ಟಿ, ಎಣ್ಣೆಗೆ ಬಗ್ಗೋದಿಲ್ಲ, ಬಹಳ ವರ್ಷ ಬಾಳ್ತದೆ. ಆದರೆ ಅದನ್ನು ಕೊಳವೆಗೆ ಅಂಟಿಸಿರೋದಿಲ್ಲ, ಗ್ರೀಸಿನ ಮೇಲೆ ತಿರುಗ್ತಿರ್ತದೆ. ಗ್ರೀಸ್ ಒಣಗಿದರೆ ಹಳೇ ಬಾಗಿಲಿನ ಹಾಗೆ ಕಿರಗುಟ್ಟೋಕೆ ಶುರು. ರಸ್ತೆಯ ಪ್ರತೀ ಗುಂಡಿಯ ವರದಿ ನೇರ ಬೆನ್ನಿಗೆ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ ಅದು ಸರಿ. ಆಫೀಸು, ಪಟೇಲ್ ಅಂಗಡಿ, ಕನ್ನಡ ಕೂಟದ ಯುಗಾದಿ ಊಟ ಅಂತ ಓಡಾಡುವ ನನಗೆ ಯಾಕೆ? ಅಲ್ಲದೆ ನಮ್ಮ ಮನೆ ಗುಡ್ಡದ ಮೇಲಿರೋದು ರಬ್ಬರ್ ತೋಟ! ಬೆಳಗಿನ ತಂಪಿನಲ್ಲಿ ಟ್ಯಾಪಿಂಗ್, ಹಾಲಿಗೆ ಫಾರ್ಮಿಕ್ ಆಸಿಡ್, ಶೀಟು, ಹೊಗೆಗೂಡು, ಇದೆಲ್ಲ ನೋಡಿಕೊಂಡೇ ಬೆಳೆದವನು ನಾನು. ಅಪ್ಪನಿಗೆ ಫೋನಿನಲ್ಲಿ ಹೇಳಿದೆ.

"ಎಂತ ಮಾರಾಯ, ಅಷ್ಟು ದೊಡ್ಡ ದೇಶದಲ್ಲಿ ರಿಪೇರಿ ಮಾಡುವವರು ಇಲ್ವಾ?"

"ಇದ್ದಾರಪ್ಪ, ದುಡ್ಡು ಜಾಸ್ತಿ ಕೇಳ್ತಾರೆ."

"ಹಾಗಾದ್ರೆ ನೀನೇ ಮಾಡು. ರಬ್ಬರನ್ನೇ ಹಾಕು, ನಮಗೂ ಸ್ವಲ್ಪ ರೇಟ್ ಬರ್ಲಿ. ಎಣ್ಣೆ ಮಾತ್ರ ತಾಗಿಸ್ಬೇಡ."

ಕೊನೆಯ ಮಾತು ಚಿನ್ನದಂಥದ್ದು. ನೈಸರ್ಗಿಕ ರಬ್ಬರಿಗೆ ಪೆಟ್ರೋಲಿಯಂ ಎಣ್ಣೆ ಶತ್ರು. ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗಿ ಬಲ ಕಳಕೊಳ್ತದೆ. ಕಿರಗುಟ್ಟುವ ಬುಶ್‌ಗೆ ಡಬ್ಲ್ಯೂಡಿ-40 ಹೊಡೆಯುವವರು ಶಬ್ದದ ಜೊತೆ ಬುಶ್‌ನ ಆಯುಸ್ಸನ್ನೂ ಕಡಿಮೆ ಮಾಡ್ತಾರೆ.

ಕೆಲಸಕ್ಕೆ ಎರಡು ವಾರಾಂತ್ಯ ಬೇಕಾಯಿತು. ಈ ಕಾರಿನಲ್ಲಿ ಸ್ಪ್ರಿಂಗು ಶಾಕ್ ಅಬ್ಸಾರ್ಬರಿನ ಸುತ್ತಲೇ ಇರೋದರಿಂದ ಅದರ ಕೆಳಗಿನ ಬೋಲ್ಟು, ಬಾಲ್ ಜಾಯಿಂಟು, ಆಂಟಿ-ರೋಲ್ ಬಾರಿನ ಲಿಂಕು ಬಿಚ್ಚಿದರೆ ತೋಳು ಸಿಕ್ಕಿತು ಅನ್ನಬಹುದು, ಕ್ಯಾಮ್ ಬೋಲ್ಟು ಬಂದರೆ! ಬಲಗಡೆಯವು ಬಂದವು, ಎಡಗಡೆಯವು ಬಗ್ಗಲಿಲ್ಲ. ಕೊನೆಗೆ ಚೌಕಟ್ಟಿಗೂ ಬುಶ್‌ಗೂ ನಡುವಿನ ಸಂದಿಯಲ್ಲಿ ವಿದ್ಯುತ್ ಗರಗಸ ತೂರಿಸಿ ಕತ್ತರಿಸಿದ್ದಾಯಿತು. ಹೊರಬಂದ ಬುಶ್ ನೋಡಿದರೆ ರಬ್ಬರು ಮುಕ್ಕಾಲು ಸುತ್ತು ಹರಿದಿತ್ತು, ಬೆರಳು ತೂರಿಸಿದರೆ ಆಚೆ ಬರುವಷ್ಟು.

ಬಿಡಿಭಾಗದ ಅಂಗಡಿಯವರು ಠೇವಣಿ ಇಟ್ಟುಕೊಂಡು ಬಾಲ್ ಜಾಯಿಂಟ್ ಪ್ರೆಸ್ ಎರವಲು ಕೊಡ್ತಾರೆ, ಬುಶ್ ತಳ್ಳೋಕೂ ಅದೇ ಸಾಕು. ಹೊಸ ಬುಶ್‌ಗಳನ್ನು ಹಿಂದಿನ ರಾತ್ರಿ ಫ್ರೀಜರಿನಲ್ಲಿ ತೆಂಗಿನ ತುರಿಯ ಪ್ಯಾಕೆಟ್ಟಿನ ಪಕ್ಕ ಮಲಗಿಸಿದ್ದೆ. ತಣ್ಣಗಾದರೆ ಹೊರಕೊಳವೆ ಕೂದಲೆಳೆಯಷ್ಟು ಕುಗ್ಗಿ ಸಲೀಸಾಗಿ ಕೂರ್ತದೆ. ಒತ್ತುವಾಗ ಹೊರಕೊಳವೆಯ ಅಂಚನ್ನೇ ಒತ್ತಬೇಕು. ಒಳಗಿನದನ್ನು ಒತ್ತಿದರೆ ಹೊಸ ರಬ್ಬರು ಕೂರುವ ಮೊದಲೇ ಹರೀತದೆ.

ಈಗ ಮೊದಲು ನೆನಪಿಟ್ಟುಕೊಳ್ಳಿ ಅಂದ ವಿಷಯ. ಚಕ್ರ ಗಾಳಿಯಲ್ಲಿ ನೇತಾಡ್ತಿರುವಾಗ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಬಾರದು. ಮಾಡಿದರೆ ರಬ್ಬರಿಗೆ ಆ ನೇತಾಡುವ ಸ್ಥಿತಿಯೇ ನೆಮ್ಮದಿಯ ಸ್ಥಿತಿ. ಕಾರು ಕೆಳಗಿಳಿದ ಕ್ಷಣದಿಂದ ಅದು ಹಗಲು ರಾತ್ರಿ ಹಿಂಡಿಕೊಂಡೇ ಇರ್ತದೆ, ಬೇಗ ಹರೀತದೆ. ಸುಮ್ಮನೆ ಕೈಬಿಗಿ ಮಾಡಿ, ಚಕ್ರ ಹಾಕಿ, ದಪ್ಪ ಹಲಗೆಗಳ ಮೇಲೆ ಕಾರು ಇಳಿಸಿ, ಮೂತಿಯನ್ನು ನಾಲ್ಕು ಸಲ ಒತ್ತಿ ಬಿಟ್ಟು, ಕಾರು ತನ್ನ ಎತ್ತರಕ್ಕೆ ಕೂತ ಮೇಲೆಯೇ ಟಾರ್ಕ್ ರೆಂಚಿನಿಂದ ಬಿಗಿ ಮಾಡಿದೆ. ಹೊಸ ಕ್ಯಾಮ್ ಬೋಲ್ಟುಗಳ ನಡುಭಾಗಕ್ಕೆ ತುಕ್ಕು ಹಿಡಿಯದ ಹಾಗೆ ಆಂಟಿ-ಸೀಜ್ ಪೇಸ್ಟನ್ನು ತೆಳ್ಳಗೆ ಸವರಿದೆ, ಮುಂದೆ ಬಿಚ್ಚುವವನು ನನ್ನನ್ನು ಬೈಯಬಾರದಲ್ಲ.

ಲೆಕ್ಕ ಕೇಳ್ತೀರಾ? ಮುಂದಿನ ಎಂಟು ಬುಶ್, ಹೊಸ ಕ್ಯಾಮ್ ಬೋಲ್ಟು, ಗರಗಸದ ಬ್ಲೇಡು, ಬೇರೆ ಕಡೆ ಒಂದು ಅಲೈನ್‌ಮೆಂಟು, ಎಲ್ಲ ಸೇರಿ 430 ಡಾಲರ್. ಶಾಕ್ ಅಬ್ಸಾರ್ಬರುಗಳು ಹಳೆಯವೇ, ಚೆನ್ನಾಗಿವೆ. ಟೈರು ಮಾತ್ರ ಮುಂದಿನ ತಿಂಗಳು ಕೊಳ್ಳಲೇಬೇಕು, ಸವೆದದ್ದು ವಾಪಸ್ ಬೆಳೆಯೋದಿಲ್ಲ. ಅಲೈನ್‌ಮೆಂಟ್ ಮಾಡಿ ಐದು ತಿಂಗಳಾಯಿತು, ಅಂಕಿಗಳು ಇಟ್ಟ ಜಾಗದಲ್ಲೇ ಇವೆ.

ನಿಮ್ಮದು ಕ್ಯಾಮ್ರಿಯೋ ಅಕಾರ್ಡೋ ಆಗಿದ್ದರೂ ಒಳಗಿನ ಕಥೆ ಇದೇ. ಎಷ್ಟೋ ಹೊಸ ಕಾರುಗಳಲ್ಲಿ ಬುಶ್‌ನೊಳಗೆ ದ್ರವವೂ ಇರ್ತದೆ, ಒಡೆದರೆ ತೋಳಿನ ಬುಡದಲ್ಲಿ ಕಪ್ಪು ಕಲೆ ಕಾಣ್ತದೆ. ಗ್ಯಾರೇಜಿನವರು ಟೈರು ಒಳಗಡೆ ಸವೆದಿದೆ, ಅಲೈನ್‌ಮೆಂಟ್ ಮಾಡಿಸಿ ಅಂದರೆ "ಸರಿ, ಆದರೆ ಅಲೈನ್‌ಮೆಂಟ್ ಯಾಕೆ ಕೆಟ್ಟಿತು?" ಅಂತ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಬರಲಿಲ್ಲವೋ, ಒಂದು ಫೋನು, ಒಂದು ಬಿಳಿ ಗೆರೆ, ಬ್ರೇಕ್ ಒತ್ತೋಕೆ ಒಬ್ಬ ಸ್ನೇಹಿತ ಸಾಕು. ಹುಬ್ಬಳ್ಳಿಯವನಾದರೆ ಇನ್ನೂ ಒಳ್ಳೇದು, ವೀಕ್ಷಕ ವಿವರಣೆ ಪುಕ್ಕಟೆ!