ನಿಮಗಿದು ಗೊತ್ತೆ? ಪ್ಲೇಟ್‌ಲೆಟ್‌ಗೂ ಹರೆಯ, ಮುಪ್ಪು ಉಂಟು

ಡೆಂಗಿ ಜ್ವರ ಎಂದೊಡನೆ ನಿಪ್ಪಾಣಿ ತಾಲ್ಲೂಕಿನ ಗಡಿ ಊರು ಕೊಗನೊಳ್ಳಿಯಲ್ಲೂ ಮನೆಮಂದಿ ಕೇಳುವ ಮೊದಲ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟಿದೆ?’ ಸಂಖ್ಯೆಯ ಜೊತೆಗೆ ಅವುಗಳ ವಯಸ್ಸೂ ಲೆಕ್ಕಕ್ಕೆ ಬರುತ್ತದೆ.

ಪ್ಲೇಟ್‌ಲೆಟ್‌ನ ಆಯುಷ್ಯ 7ರಿಂದ 10 ದಿನ. ಮೂಳೆಯ ಮಜ್ಜೆಯಿಂದ ಆಗಷ್ಟೇ ಹೊರಬಂದದ್ದು ಸಾಮಾನ್ಯವಾಗಿ ಗಾತ್ರದಲ್ಲಿ ದೊಡ್ಡದು. ಅದರೊಳಗೆ ಆರ್‌ಎನ್‌ಎ ಇನ್ನೂ ಉಳಿದಿರುತ್ತದೆ, ಹಾಗಾಗಿ ಸ್ವಲ್ಪ ಪ್ರೋಟೀನನ್ನೂ ತಾನೇ ತಯಾರಿಸಿಕೊಳ್ಳಬಲ್ಲದು. ರಕ್ತ ಹೆಪ್ಪುಗಟ್ಟಿಸುವ ಕೆಲಸದಲ್ಲಿ ಇದೇ ಹೆಚ್ಚು ಚುರುಕು. ದಿನ ಕಳೆದಂತೆ ಆರ್‌ಎನ್‌ಎ ಕರಗುತ್ತದೆ, ಚುರುಕು ತಗ್ಗುತ್ತದೆ. ಮೇಲ್ಮೈಯ ಸಿಯಾಲಿಕ್ ಆಮ್ಲ ಸವೆದ ಮುದಿ ಪ್ಲೇಟ್‌ಲೆಟ್‌ಗಳನ್ನು ಯಕೃತ್ತು ಗುರುತಿಸಿ ತೆಗೆದುಹಾಕುತ್ತದೆ.

ಈ ಎಳೆಯ ಪ್ಲೇಟ್‌ಲೆಟ್‌ಗಳ ಪ್ರಮಾಣವನ್ನು ಆಧುನಿಕ ರಕ್ತಪರೀಕ್ಷಾ ಯಂತ್ರಗಳು ಅಳೆಯುತ್ತವೆ. ಡೆಂಗಿ ರೋಗಿಯಲ್ಲಿ ಅದು ಏರಿದರೆ, ಒಂದೆರಡು ದಿನಗಳಲ್ಲಿ ಒಟ್ಟು ಸಂಖ್ಯೆಯೂ ಏರುವ ಸಾಧ್ಯತೆ ಹೆಚ್ಚು. ಕಂಗಾಲಾದ ಕುಟುಂಬಕ್ಕೆ ಇದು ನಿಜಕ್ಕೂ ದೊಡ್ಡ ಸಮಾಧಾನ.

ದಾನಿಯಿಂದ ಪಡೆದ ಪ್ಲೇಟ್‌ಲೆಟ್ ಕೂಡ ಚೀಲದಲ್ಲೇ ಮುಪ್ಪಾಗುತ್ತದೆ. ರಕ್ತನಿಧಿಯಲ್ಲಿ ಅದನ್ನು ಫ್ರಿಜ್ಜಿನಲ್ಲಿಡದೆ, 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಮೆಲ್ಲಗೆ ಅಲುಗಾಡಿಸುತ್ತಲೇ ಇಡಬೇಕು. ಆದರೂ ಸಾಮಾನ್ಯವಾಗಿ 5 ದಿನವಷ್ಟೇ ಬಾಳಿಕೆ. ಬೆಳಗಾವಿಯಿರಲಿ, ಕೊಲ್ಹಾಪುರವಿರಲಿ, ರಕ್ತನಿಧಿಗಳಿಗೆ ಡೆಂಗಿ ಹೆಚ್ಚುವ ಮಳೆಗಾಲವಿಡೀ ಹೊಸ ದಾನಿಗಳು ಬೇಕಾಗುವುದು ಇದಕ್ಕೇ.