ಕುಡಿತ ಬಿಟ್ಟ ಕೂಲಿಯಾಳು ಮ್ಯಾಟ್ ಟಾಲ್ಬಟ್

ಜೂನ್ ಬಂತೆಂದರೆ ಈ ಅಂಕಣದಲ್ಲಿ ಅಡಿಕೆಯ ಕೊಳೆರೋಗ, ಬೋರ್ಡೋ ದ್ರಾವಣ, ಮೈಲುತುತ್ತು-ಸುಣ್ಣದ ಪ್ರಮಾಣ ಇವುಗಳ ಮಾತೇ ಆಗುವುದು ರೂಢಿ. ಈ ಸಲ ಅದನ್ನು ಸ್ವಲ್ಪ ಬದಿಗಿಟ್ಟು, ಮರ ಏರಿ ಔಷಧಿ ಬಿಡುವವನ ನಡುಗುವ ಕೈಯ ಬಗ್ಗೆ ಮಾತಾಡೋಣವೆಂದು ನಮಗನಿಸಿತು. ಬೆಳಗ್ಗೆ ಒಂದು ಗುಟುಕು ಬೀಳದೆ ನಡುಕ ನಿಲ್ಲದು, ಗುಟುಕು ಬಿದ್ದ ಮೇಲೆ ಮರ ಏರಲಾಗದು. ಇಂಥವರು ನಮ್ಮ ಕಾಸರಗೋಡಿನ ಕಡೆ ಯಾವ ವಾಳೆಯಲ್ಲಿ ಇಲ್ಲ? ಕೇರಳದಲ್ಲಿ 1996ರಲ್ಲಿ ಸಾರಾಯಿ ನಿಂತಿತು, ಗಡಿಯಾಚೆ ಕರ್ನಾಟಕದಲ್ಲಿ 2007ರಲ್ಲಿ ನಿಂತಿತು. ಕುಡಿತ ನಿಲ್ಲಲಿಲ್ಲ, ಬಾಟಲಿಯ ಮೇಲಿನ ಚೀಟಿ ಬದಲಾಯಿತು ಅಷ್ಟೆ.

ಜೂನ್ 7 ಇಂಥ ಒಬ್ಬ ಕೂಲಿಯಾಳಿನ ಮರಣದ ದಿನ. ಹೆಸರು ಮ್ಯಾಟ್ ಟಾಲ್ಬಟ್, ಊರು ಐರ್ಲೆಂಡಿನ ಡಬ್ಲಿನ್. ಅವನು ತೀರಿಕೊಂಡದ್ದು 1925ರಲ್ಲಿ. ಪುಸ್ತಕ ಬರೆದವನಲ್ಲ, ಮಠ ಕಟ್ಟಿದವನಲ್ಲ, ಪ್ರಸಂಗ ಮಾಡಿದವನೂ ಅಲ್ಲ. ಮರದ ಡಿಪೊದಲ್ಲಿ ಹಲಗೆ ಹೊತ್ತು ಬದುಕಿದವನು.

ಮ್ಯಾಟ್ ಹುಟ್ಟಿದ್ದು 1856ರ ಮೇ 2ರಂದು, ಹನ್ನೆರಡು ಮಕ್ಕಳ ಬಡ ಮನೆಯಲ್ಲಿ ಎರಡನೆಯವನಾಗಿ. ತಂದೆ ಕುಡಿಯುತ್ತಿದ್ದ. ಹಿರಿಯಣ್ಣನೊಬ್ಬನನ್ನು ಬಿಟ್ಟರೆ ಗಂಡುಮಕ್ಕಳೂ ಅದೇ ದಾರಿ ಹಿಡಿದರು. ಶಾಲೆಗೆ ಹೋದದ್ದು ಅಷ್ಟಕ್ಕಷ್ಟೆ. ಹನ್ನೆರಡನೆಯ ವಯಸ್ಸಿಗೆ ಮದ್ಯ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಕೆಲಸಕ್ಕೆ ನಿಂತ. ಅಲ್ಲಿ ಬಾಟಲಿಗಳ ತಳದಲ್ಲಿ ಉಳಿದದ್ದನ್ನು ರುಚಿ ನೋಡುತ್ತಾ ನೋಡುತ್ತಾ ಹುಡುಗ ತೂರಾಡಿಕೊಂಡು ಮನೆಗೆ ಬರತೊಡಗಿದ. ತಂದೆ ಹೊಡೆದು, ಕಣ್ಣೆದುರಿಗೆ ಇರಲೆಂದು ತಾನು ದುಡಿಯುತ್ತಿದ್ದ ಬಂದರು ಮಂಡಳಿಗೇ ಸೇರಿಸಿದ. ಅಲ್ಲಿದ್ದದ್ದು ವಿಸ್ಕಿಯ ಉಗ್ರಾಣ! ಮಕ್ಕಳನ್ನು ಕಾಯುವ ತಂದೆಯಂದಿರ ಲೆಕ್ಕಾಚಾರ ಕೆಲವೊಮ್ಮೆ ಹೀಗೂ ಆಗುತ್ತದೆ.

ಮುಂದೆ ಗಾರೆಯವರ ಕೈಯಾಳಾಗಿ ಇಟ್ಟಿಗೆ ಹೊತ್ತ. ದುಡಿಮೆಯಲ್ಲಿ ಯಾರಿಗೂ ಹಿಂದಾಗಲಿಲ್ಲ. ಆದರೆ ಶನಿವಾರದ ಬಟವಾಡೆ ನೇರವಾಗಿ ಹೆಂಡದಂಗಡಿಯವನ ಮೇಜಿಗೆ ಹೋಗುತ್ತಿತ್ತು, ತಾಯಿಗೆ ಸಿಗುತ್ತಿದ್ದದ್ದು ಉಳಿದ ಚಿಲ್ಲರೆ. ಕೈ ಬರಿದಾದಾಗ ಕಾಲಿನ ಬೂಟನ್ನು ಅಡವಿಟ್ಟದ್ದೂ ಉಂಟು. ಒಮ್ಮೆ ಗೆಳೆಯರ ಜೊತೆ ಸೇರಿ ಬೀದಿಯಲ್ಲಿ ಪಿಟೀಲು ನುಡಿಸಿ ಹೊಟ್ಟೆ ಹೊರೆಯುತ್ತಿದ್ದ ಬಡವನೊಬ್ಬನ ಪಿಟೀಲನ್ನೇ ಕದ್ದು ಮಾರಿ ಕುಡಿದ. ಆ ಪಿಟೀಲಿನ ಮಾತು ಮುಂದೆ ಬರುತ್ತದೆ.

1884ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಕೆಲವು ದಿನ ಕೆಲಸವಿಲ್ಲದೆ ಕೈಯಲ್ಲಿ ಕಾಸಿರಲಿಲ್ಲ. ಶನಿವಾರ ಬಟವಾಡೆ ಪಡೆದು ಬರುವ ಗೆಳೆಯರು ಒಂದು ಲೋಟ ಕುಡಿಸಿಯಾರೆಂದು ಹೆಂಡದಂಗಡಿಯ ಹತ್ತಿರ ಮೂಲೆಯಲ್ಲಿ ನಿಂತ. ತನ್ನ ಹತ್ತಿರ ದುಡ್ಡಿದ್ದಾಗ ಎಲ್ಲರಿಗೂ ಧಾರಾಳವಾಗಿ ಕುಡಿಸಿದವನು ಅವನು. ಗೆಳೆಯರು ಬಂದರು, ಮಾತಾಡಿಸಿದರು, ಒಳಗೆ ಹೋದರು. ಬಾ ಎಂದು ಒಬ್ಬನೂ ಕರೆಯಲಿಲ್ಲ. ಎದೆಗೆ ಚುಚ್ಚಿದಂತಾಗಿ ಮನೆಯತ್ತ ನಡೆದ.

ಇಷ್ಟು ಬೇಗ ಬಂದೆಯಾ, ಅದೂ ಕುಡಿಯದೆ ಬಂದೆಯಾ ಎಂದು ತಾಯಿಗೆ ಆಶ್ಚರ್ಯ. ಊಟವಾದ ಮೇಲೆ, ಕುಡಿಯುವುದಿಲ್ಲವೆಂದು ಪ್ರತಿಜ್ಞೆ ತೆಗೆದುಕೊಳ್ಳಲು ಹೋಗುತ್ತೇನೆಂದ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾತ್ರ ದೇವರ ಹೆಸರಿನಲ್ಲಿ ಹೋಗು ಎಂದಳು ಆ ತಾಯಿ. ವರ್ಷಗಟ್ಟಲೆ ಕಣ್ಣೀರು ಕುಡಿದವಳಿಗೆ ಆಡಲು ಬೇರೆಷ್ಟೋ ಮಾತುಗಳಿದ್ದವು, ಆಡಲಿಲ್ಲ. ಮ್ಯಾಟ್ ಕ್ಲಾನ್ಲಿಫ್‌ನ ಹೋಲಿ ಕ್ರಾಸ್ ಗುರುಮಠಕ್ಕೆ ಹೋಗಿ, ಅಲ್ಲಿನ ಗುರುಗಳೊಬ್ಬರ ಬಳಿ ಪಾಪನಿವೇದನೆ ಮಾಡಿ, ಪ್ರತಿಜ್ಞೆ ಮಾಡಿದ.

ಎಷ್ಟು ಕಾಲಕ್ಕೆ? ಬರೇ ಮೂರು ತಿಂಗಳಿಗೆ. ಅವಧಿ ಮುಗಿದ ಕೂಡಲೇ ಮತ್ತೆ ಕುಡಿಯುತ್ತೇನೆಂದು ತಾಯಿಗೆ ಹೇಳಿಯೂ ಇದ್ದನಂತೆ, ಅಷ್ಟು ಸಂಕಟವಾಗುತ್ತಿತ್ತು. ಮೂರು ತಿಂಗಳು ಕಳೆದು ಆರು ತಿಂಗಳಿಗೆ ನವೀಕರಿಸಿದ, ಕೊನೆಗೆ ಜೀವಮಾನಕ್ಕೆ. ಮುಂದಿನ ನಲವತ್ತೊಂದು ವರ್ಷ ಒಂದು ತೊಟ್ಟೂ ಮುಟ್ಟಲಿಲ್ಲ.

ನಮ್ಮಲ್ಲಿ ಧ್ಯಾನಕೂಟ ಮುಗಿದ ಹುರುಪಿನಲ್ಲಿ ಇನ್ನು ಸಾಯುವ ತನಕ ಮುಟ್ಟೆನೆಂದು ಆಣೆ ಮಾಡಿ, ಹದಿನೈದು ದಿನದಲ್ಲಿ ಜಾರಿ, ನಾಚಿಕೆಯಿಂದ ಇಗರ್ಜಿಯ ಕಡೆಗೇ ಬಾರದವರನ್ನು ನಾವು ನೋಡಿದ್ದೇವೆ. ಮೂರು ತಿಂಗಳೆಂದರೆ ಕಣ್ಣಿಗೆ ಕಾಣುವಷ್ಟು ದೂರ. 1935ರಲ್ಲಿ ಅಮೆರಿಕದ ಆ್ಯಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟ ಆರಂಭಿಸಿದಾಗ ಲೆಕ್ಕವನ್ನು ಇನ್ನೂ ಕಿರಿದು ಮಾಡಿದರು: ಇವತ್ತು ಒಂದು ದಿನ ಕುಡಿಯುವುದಿಲ್ಲ, ನಾಳೆಯದು ನಾಳೆಗೆ. ಮ್ಯಾಟ್ ತೀರಿಕೊಂಡು ಆಗ ಹತ್ತು ವರ್ಷವಾಗಿತ್ತು.

ಕುಡುಕನಿಗೆ ಕಷ್ಟವಾದದ್ದು ಸಂಜೆಯ ಹೊತ್ತು. ಕೆಲಸ ಬಿಟ್ಟ ಕಾಲು ತಾನಾಗಿಯೇ ಅಂಗಡಿಯ ಕಡೆ ತಿರುಗುತ್ತದೆ. ಮ್ಯಾಟ್ ಆ ಹೊತ್ತಿನಲ್ಲಿ ಗೆಳೆಯರ ದಾರಿ ತಪ್ಪಿಸಿ ದೂರದ ದೇವಾಲಯಕ್ಕೆ ನಡೆದು, ಕತ್ತಲಾಗುವ ತನಕ ಅಲ್ಲಿ ಕೂರುತ್ತಿದ್ದ. ಬೆಳಗ್ಗೆ ಕೆಲಸಕ್ಕೆ ಮುಂಚೆ ಬಲಿಪೂಜೆ. ಆದರೂ ಒಂದು ದಿನ ಜೇಬಿನಲ್ಲಿ ಕಾಸಿದ್ದಾಗ ಆಸೆ ತಡೆಯದೆ ಹೆಂಡದಂಗಡಿಗೆ ನುಗ್ಗಿಯೇಬಿಟ್ಟ. ಗಿರಾಕಿಗಳ ಗದ್ದಲದಲ್ಲಿ ಅಂಗಡಿಯವನು ಇವನನ್ನು ಗಮನಿಸಲಿಲ್ಲ. ಸಿಟ್ಟು ಬಂದು ಹೊರಗೆ ಬಂದವನು ನೇರ ದೇವಾಲಯಕ್ಕೆ ಹೋದ. ಆಮೇಲೆ ಮನೆಯಿಂದ ಹೊರಡುವಾಗ ಕಾಸು ಇಟ್ಟುಕೊಳ್ಳುವುದನ್ನೇ ಬಿಟ್ಟ. ಪವಾಡವೆಂದು ಹೇಳುವ ಬಾಯಿಗಳು ಈ ಬರಿ ಜೇಬಿನ ಕಥೆಯನ್ನೂ ಹೇಳಬೇಕು. ದೇವರ ಕೃಪೆಯನ್ನು ನಂಬಿದವನು ತನ್ನ ದೌರ್ಬಲ್ಯವನ್ನೂ ಅಷ್ಟೇ ಚೆನ್ನಾಗಿ ಅರಿತಿದ್ದ.

ಇಲ್ಲಿ ಆರೋಗ್ಯದ ಮಾತೊಂದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ವರ್ಷಗಟ್ಟಲೆ ದಿನಾ ವಿಪರೀತ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಅದು ಪ್ರಾಣಕ್ಕೇ ಎರವಾಗಬಹುದು. ಮೊದಲು ಕೈನಡುಕ, ಬೆವರು, ವಾಂತಿ, ನಿದ್ರೆ ಇಲ್ಲದಿರುವುದು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಅಪಸ್ಮಾರದಂತೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಒಳಗೆ ಕೆಲವರು ಇಲ್ಲದ್ದನ್ನು ಕಂಡು ಬೆಚ್ಚುತ್ತಾರೆ, ಊರು-ಹೊತ್ತಿನ ಪರಿವೆ ತಪ್ಪುತ್ತಾರೆ, ಜ್ವರ ಏರುತ್ತದೆ. ಇದು ಗಾಳಿ ಸೋಕಿದ್ದಲ್ಲ, ನಾಟಕವೂ ಅಲ್ಲ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕುಡುಕರ ಮೈಯಲ್ಲಿ ಬಿ-1 ಜೀವಸತ್ವ ಬತ್ತಿಹೋಗಿರುವುದರಿಂದ ವೈದ್ಯರು ಅದನ್ನು ಕೊಡುತ್ತಾರೆ, ನಡುಕ ಇಳಿಸುವ ಮದ್ದನ್ನು ಕೆಲವು ದಿನ ಕೊಟ್ಟು ಕ್ರಮೇಣ ನಿಲ್ಲಿಸುತ್ತಾರೆ. ಮ್ಯಾಟನ ಕಾಲದಲ್ಲಿ ಇದೊಂದೂ ಇರಲಿಲ್ಲ, ನಮಗೆ ಇದೆ. ಕೇರಳ ಸರಕಾರದ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರಗಳು ಜಿಲ್ಲೆಗಳಲ್ಲಿವೆ. ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಹಣವಿಲ್ಲದೆ ಫೋನ್ ಮಾಡಬಹುದು. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಿ ಎಂದು ಮಾರುವ ಗುಳಿಗೆ-ಪುಡಿಗಳನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಅವುಗಳಲ್ಲಿ ಡೈಸಲ್ಫಿರಾಮ್ ಇರಬಹುದು, ಇದ್ದು ಅವನು ತಿಳಿಯದೆ ಮೇಲಿಂದ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ.

ಕುಡಿತ ಬಿಟ್ಟ ಮ್ಯಾಟ್ ಅಂಗಡಿ ಅಂಗಡಿಗೆ ಹೋಗಿ ಹಳೆಯ ಸಾಲ ತೀರಿಸಿದ. ಪಿಟೀಲಿನವನನ್ನು ಹುಡುಕಿ ಡಬ್ಲಿನ್ನಿನ ಬೀದಿಗಳನ್ನೆಲ್ಲ ಸುತ್ತಿದ, ಬಡವರ ಆಶ್ರಮಗಳಲ್ಲಿ ವಿಚಾರಿಸಿದ. ಅವನು ಸಿಗಲೇ ಇಲ್ಲ. ಪಿಟೀಲಿನ ಬೆಲೆಯನ್ನು ಅವನ ಆತ್ಮಕ್ಕಾಗಿ ಬಲಿಪೂಜೆಗಳಿಗೆ ಕೊಟ್ಟ. ಕೊಟ್ಟರೂ ಪಿಟೀಲು ಹಿಂತಿರುಗಿದಂತಾಗಲಿಲ್ಲ, ಅದು ಅವನಿಗೂ ಗೊತ್ತಿತ್ತು.

ಮಾರ್ಟಿನ್ ಕಂಪನಿಯ ಮರದ ಡಿಪೊದಲ್ಲಿ ಅವನ ಉಳಿದ ಆಯುಷ್ಯ ಕಳೆಯಿತು. ಅಕ್ಷರ ಸರಿಯಾಗಿ ಬಾರದವನು ತಡವರಿಸಿ ತಡವರಿಸಿ ದೊಡ್ಡ ದೊಡ್ಡ ಆಧ್ಯಾತ್ಮಿಕ ಗ್ರಂಥಗಳನ್ನು ಓದಿದ, ಅರ್ಥವಾಗದ್ದನ್ನು ಚೀಟಿಯಲ್ಲಿ ಬರೆದು ಗುರುಗಳನ್ನು ಕೇಳಿದ. 1890ರಲ್ಲಿ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದ. ಹಲಗೆಯ ಮೇಲೆ ನಿದ್ದೆ, ಒಣ ರೊಟ್ಟಿಯ ಊಟ. ಕೂಲಿಯಲ್ಲಿ ಉಳಿದದ್ದು ಮಕ್ಕಳೊಂದಿಗರಾದ ಬಡ ಕಾರ್ಮಿಕರಿಗೆ, ಚೀನಾದ ಧರ್ಮಪ್ರಚಾರಕರಿಗೆ. ಜೇಮ್ಸ್ ಲಾರ್ಕಿನ್ ಕಟ್ಟಿದ ಕಾರ್ಮಿಕ ಸಂಘದ ಸದಸ್ಯನೂ ಆಗಿದ್ದ. ಕುಡಿತ ಬಿಡಲಾಗದವನ ಮೇಲೆ ನಿಷ್ಠುರವಾಗಬೇಡಿ, ಬಿಡುವುದೆಂದರೆ ಸತ್ತವನು ಎದ್ದು ಬಂದಷ್ಟು ಕಷ್ಟ ಎಂಬ ಅರ್ಥದ ಮಾತನ್ನು ಅವನು ಆಡಿದ್ದುಂಟು. ಬಿಟ್ಟವರಲ್ಲಿ ಅನೇಕರು ಬಿಡದವರನ್ನು ಕಂಡರೆ ಹುಬ್ಬೇರಿಸುತ್ತಾರೆ, ಇವನಿಗೆ ಆ ರೋಗ ಅಂಟಲಿಲ್ಲ.

1915ರಲ್ಲಿ ತಾಯಿ ತೀರಿದಳು. ಕುಡಿತ ಬಿಟ್ಟ ಮಗನ ಜೊತೆ ಕೊನೆಯ ವರ್ಷಗಳನ್ನು ಕಳೆಯುವ ಭಾಗ್ಯ ಅವಳಿಗೆ ಸಿಕ್ಕಿತ್ತು. 1923ರಲ್ಲಿ ಹೃದ್ರೋಗದಿಂದ ಮ್ಯಾಟ್ ಆಸ್ಪತ್ರೆ ಸೇರಿದ. 1925ರ ಜೂನ್ 7, ಪರಮ ತ್ರಿತ್ವದ ಭಾನುವಾರ, ಪೂಜೆಗೆಂದು ಸಂತ ಸೇವಿಯರ್ ದೇವಾಲಯದತ್ತ ಹೊರಟವನು ಗ್ರ್ಯಾನ್ಬಿ ಲೇನ್ ಎಂಬ ಓಣಿಯಲ್ಲಿ ಕುಸಿದುಬಿದ್ದು ಅಲ್ಲೇ ಪ್ರಾಣಬಿಟ್ಟ. ಯಾರೆಂದು ಅಲ್ಲಿದ್ದವರಿಗೆ ತಿಳಿಯದು. ಆಸ್ಪತ್ರೆಯಲ್ಲಿ ಬಟ್ಟೆ ಬಿಚ್ಚಿದಾಗ ಮೈಮೇಲೆ ಸರಪಳಿ, ಹಗ್ಗಗಳು ಕಂಡವು. ಮಾತೆ ಮರಿಯಳ ದಾಸನೆಂಬ ಗುರುತಿಗೆ ತನ್ನ ಆತ್ಮಗುರುವಿನ ಒಪ್ಪಿಗೆಯಿಂದ ಧರಿಸಿದ್ದು ಅದು. ಸರಪಳಿಯ ಸುದ್ದಿಯಿಂದಲೇ ಅವನು ಪ್ರಸಿದ್ಧನಾದ ಎಂಬುದು ನಮಗೆ ಅಷ್ಟು ಹಿಡಿಸುವುದಿಲ್ಲ. ನಮ್ಮ ವಾಚಕರು ಆ ಸರಪಳಿಯನ್ನು ಅನುಕರಿಸುವುದು ಬೇಡ, ಬರಿ ಜೇಬನ್ನು ಅನುಕರಿಸಿದರೆ ಸಾಕು.

ಸಹೋದರಿ ಬಂದು ಗುರುತಿಸಿದಳು. ಗ್ಲಾಸ್ನೆವಿನ್ ಸ್ಮಶಾನದಲ್ಲಿ ಹೂಳಿದರು. ಅವಶೇಷಗಳು 1972ರಿಂದ ಡಬ್ಲಿನ್ನಿನ ಲೂರ್ದು ಮಾತೆಯ ದೇವಾಲಯದಲ್ಲಿವೆ. 1975ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಅವನನ್ನು ಪೂಜನೀಯನೆಂದು ಘೋಷಿಸಿದರು. ಲಿಫಿ ನದಿಯ ಒಂದು ಸೇತುವೆಗೆ ಅವನ ಹೆಸರಿದೆ, ದಿನಾ ಕೆಲಸಕ್ಕೆ ಹೋಗುವವರು ಅದನ್ನು ದಾಟುತ್ತಾರೆ.

ಬೋರ್ಡೋ ದ್ರಾವಣದ ವಿವರ ಮುಂದಿನ ಸಂಚಿಕೆಗೆ. ಅಷ್ಟರಲ್ಲಿ ಮಳೆ ಹಿಡಿಯುವ ಲಕ್ಷಣ ಕಂಡರೆ ಕಾಯಬೇಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮರ ಏರುವವನಿಗೆ ಬೆಳಗ್ಗೆ ಹೊಟ್ಟೆ ತುಂಬ ಗಂಜಿ ಕೊಡಿ, ಸಂಜೆಯ ಕೂಲಿಯನ್ನು ಅವನ ಒಪ್ಪಿಗೆ ಪಡೆದು ಮನೆಯವಳ ಕೈಗೆ ಮುಟ್ಟಿಸಿ.